ಅಮ್ಮಿ ನಗುವ ಸಾಲು

ಬೆಳಗಿನ ಬಾಂಗಿನ ಕೊನೆಯ ದನಿ ರಾಮನಗರದ ಬಂಡೆಗಳಿಗೆ ತಾಗಿ ಕರಗುವ ಹೊತ್ತಿಗೆ ತಾಹೇರಾ ಅವರ ಕೈ ಬಿಸಿನೀರಿನಲ್ಲಿದೆ. ನೂಲು ಬಿಚ್ಚುವ ಶೆಡ್ಡಿನಲ್ಲಿ ಸಾಲಾಗಿರುವ ತೊಟ್ಟಿಗಳಲ್ಲೊಂದು ಅವರದು; ಆವಿಯೇಳುವ ಆ ನೀರಿನಲ್ಲಿ ರೇಷ್ಮೆಗೂಡುಗಳು ತೇಲುತ್ತಿವೆ. ಒಂದೊಂದರ ಎಳೆಯ ತುದಿ ಹುಡುಕಿ ತಿರುಗುವ ರಾಟೆಗೆ ಕೊಡುವುದು ಅವರ ಕೆಲಸ. ಒಂದು ಗೂಡು ಮಾತ್ರ ತುದಿ ಬಿಡುತ್ತಿಲ್ಲ. "ಬಾರಮ್ಮ ನಮ್ಮತ್ತೆ, ನಿಂಗೊಬ್ಳಿಗೆ ಬ್ಯಾರೆ ಕರೆ ಕಳಿಸ್ಬೇಕಾ?" ಎನ್ನುತ್ತಾರೆ. ಸಾಲಿನ ಹೆಂಗಸರೆಲ್ಲ ನಗುತ್ತಾರೆ. ಹಟಮಾರಿ ಗೂಡಿಗೆ ಇಲ್ಲಿ 'ಅತ್ತೆ' ಎಂದೇ ಹೆಸರು; ಇಟ್ಟವರು ತಾಹೇರಾ.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅಪ್ಪನಿಗೆ ಕಾಯಿಲೆಯಾಯಿತು, ತಾಯಿಯ ಪಕ್ಕದ ತೊಟ್ಟಿ ಖಾಲಿಯಿತ್ತು, ಅಷ್ಟೇ. ಕನ್ನಡ ಮೇಷ್ಟ್ರು ರಾಗವಾಗಿ ಪದ್ಯ ಓದುತ್ತಿದ್ದುದು ಇನ್ನೂ ಕಿವಿಯಲ್ಲಿದೆ. "ಅರ್ಥ ಮರ್ತೋಗೈತೆ. ದನಿ ಮಾತ್ರ ಐತೆ," ಎನ್ನುತ್ತಾರೆ. ಕೈ ನೀರಲ್ಲಿದ್ದರೆ ಪುಸ್ತಕ ಹಿಡಿಯುವುದೆಲ್ಲಿ? ಹಾಗಾಗಿ ಪಿಯುಸಿ ಓದುವ ಮಗಳು ನೂರೀನ್ ದಿನಾ ಬೆಳಿಗ್ಗೆ ಪಕ್ಕದಲ್ಲಿ ಕೂತು ತನ್ನ ಪಾಠ ಓದುತ್ತಾಳೆ, ಅಮ್ಮಿ ಕೇಳುತ್ತಾರೆ.

ಇವತ್ತು ಪಾಠವಲ್ಲ. ದೂರದೂರಿನ ಬಟ್ಟೆ ವಿನ್ಯಾಸದ ಕಾಲೇಜು ಅರ್ಜಿಯ ಜೊತೆಗೆ ತನ್ನ ಬಗ್ಗೆ ತಾನೇ ಬರೆದ ಪ್ರಬಂಧ ಕೇಳಿದೆ. ಸೀಟು ನಿಂತಿರುವುದೇ ಅದರ ಮೇಲೆ, ಸಂಜೆಯೊಳಗೆ ಕಳಿಸಬೇಕು. ನೂರೀನ್ ಭಾಷಣ ಸ್ಪರ್ಧೆಯ ಗತ್ತಿನಲ್ಲಿ ಓದುತ್ತಾಳೆ: "ಬೆಂದ ಕೈಗಳ, ಬಾಡಿದ ಮೊಗದ, ಕಣ್ಣೀರನ್ನೇ ಬಾಳಾಗಿಸಿಕೊಂಡ ತ್ಯಾಗಮಯಿ ನನ್ನ ತಾಯಿ..."

ತಾಹೇರಾ ರಾಟೆ ನಿಲ್ಲಿಸುತ್ತಾರೆ. "ಯಾರೇ ಇವ್ಳು? ಒಂದ್ ಸಲಾನೂ ನಗಲ್ವಲ್ಲ!"

"ಹಿಂಗೆ ಬರದ್ರೇನೆ ಅಮ್ಮಿ ಸೀಟು ಕೊಡೋದಂತೆ. ಎಲ್ಲಾ ಹಂಗೇ ಬರೀತಾವ್ರೆ."

"ಅಯ್ಯೋ ಪಾಪ ಅಂತ ಕೊಟ್ಟ ಸೀಟಲ್ಲಿ ನೆಟ್ಟಗೆ ಹೆಂಗೆ ಕೂತ್ಕೋತೀಯೇ? ಇಲ್ಲಿ ಬಾಯ್ತುಂಬ ಮಾತಾಡ್ತೀಯಲ್ಲ, ಹಂಗೆ ಬರಿ."

"ಅತ್ತೆ ಕತೇನೂ ಬರೀಲಾ? ನಗ್ತಾರೆ ಅಷ್ಟೆ!"

"ನಗ್ಲಿ ಬುಡು. ನಾವು ನಗಾಕಿಲ್ವಾ?"

ನೂರೀನ್ ಮುಖ ಊದಿಸಿಕೊಂಡು ಗೋಡೆಗೊರಗುತ್ತಾಳೆ. ಬರೆಯುತ್ತಾಳೆ, ಹೊಡೆದುಹಾಕುತ್ತಾಳೆ, ಮತ್ತೆ ಬರೆಯುತ್ತಾಳೆ. ಚಾವಣಿ ಶೀಟಿನ ಸಂದಿಯಿಂದ ಬಿಸಿಲು ಒಳಗಿಳಿಯುವಾಗ ಓದುತ್ತಾಳೆ. ಈಗ ಅದು ಮನೆಯ ದನಿ:

"ಎಳೆ ಬಿಡದ ಗೂಡನ್ನು ನಮ್ಮಮ್ಮಿ ಅತ್ತೆ ಅಂತಾರೆ. ಬೈಯ್ತಾರೆ, ಆಮೇಲೆ ಅದನ್ನೇ ಎಲ್ಲಕ್ಕಿಂತ ಮೆತ್ತಗೆ ಹಿಡೀತಾರೆ. ಇಲ್ಲಿಂದ ಹೋದ ನೂಲು ಏನೇನಾಗುತ್ತೆ ಅಂತ ಅವರು ನೋಡಿಲ್ಲ. ನಾನು ನೋಡಿ ಬಂದು ಅವರಿಗೆ ಹೇಳಬೇಕು."

ಸಾಲಿಡೀ ನಗುತ್ತದೆ. ತಾಹೇರಾ ತೋಳಿನಿಂದ ಮುಖ ಒರೆಸಿಕೊಳ್ಳುತ್ತಾರೆ, ಆವಿಯೋ ಏನೋ. "ಕಳ್ಸು," ಎನ್ನುತ್ತಾರೆ.

ಮಗಳಿಗೆ ಸೀಟು ಸಿಕ್ಕರೆ ಬೆಳಗಿನ ಈ ಜಾಗ ಖಾಲಿಯಾಗುತ್ತದೆ. ಆಗ ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ತಾಹೇರಾ ಎಳೆಯಿಂದ ಕಣ್ಣೆತ್ತದೆ ಹೇಳುತ್ತಾರೆ: "ಬೆಳಿಗ್ಗೆ ಒಸಿ ಫೋನ್ ಮಾಡ್ಲಿ. ಸ್ಪೀಕರ್ ಹಾಕಿ ಇಲ್ಲೇ ಇಟ್ಕೋತೀನಿ. ಏನಾದ್ರೂ ಓದ್ಲಿ. ಅರ್ಥ ಆಗ್ದಿದ್ರೂ ಚಿಂತಿಲ್ಲ, ದನಿ ಬಂದ್ರೆ ಸಾಕು."