ಕಾಲು ತೊಳೆದುಕೊಂಡು ಬಂದ ಇನ್ಸ್‌ಪೆಕ್ಟರು

ಮೈದಾ ಹಿಟ್ಟಿನ ಅಂಟಿಗೆ ಮೈಲುತುತ್ತ ಬೆರೆಸಿದರೆ ಒಂದು ವಾಸನೆ ಬರುತ್ತದೆ. ನೀವು ಅದನ್ನು ಮೂಸಿರಬಹುದು. ಮೂಸಿಲ್ಲದಿದ್ದರೆ ನಷ್ಟವೇನೂ ಇಲ್ಲ. ಮೊನ್ನೆ ಬೆಳಿಗ್ಗೆ ಮನೆಪಟ್ಟಿ ಬರೆಯುವ ಗುಮಾಸ್ತರೊಬ್ಬರು ಅಂಥ ಅಂಟಿನ ಡಬ್ಬಿಯನ್ನು ನಮ್ಮ ಜಗಲಿಯ ಮೇಲಿಟ್ಟು, ‘ಮನೇಲಿ ಎಷ್ಟು ಜನ ಸಾ?’ ಎಂದು ಕೇಳಿದರು.

‘ಇಬ್ಬರು’ ಎಂದೆ.

ಅವರು ಬರೆದುಕೊಂಡರು. ನನ್ನ ಹೆಂಡತಿ ದೇವೀರಮ್ಮ ಹೋದ ಆಷಾಢದಲ್ಲಿ ತೀರಿಕೊಂಡಳು. ಅದು ನನಗೆ ಗೊತ್ತಿಲ್ಲದ ವಿಷಯವಲ್ಲ. ಬಾಯಿಗೆ ಇನ್ನೂ ತಿಳಿಸಿರಲಿಲ್ಲ, ಅಷ್ಟೇ.

‘ಹೆಸರು ಹೇಳಿ’ ಎಂದು ಅವರು ಲೇಖನಿ ಎತ್ತಿಕೊಂಡು ಕಾದರು. ‘ಸ್ವಲ್ಪ ಕೂತಿರಿ’ ಎಂದು ಹೇಳಿ ನಾನು ಹಿತ್ತಿಲಿನ ಹುಳದ ಮನೆಗೆ ನಡೆದೆ. ಅಲ್ಲಿ ಬಾಗಿಲ ಹಿಂದೆ ಇನ್ನೊಂದು ಪಟ್ಟಿ ಅಂಟಿಕೊಂಡಿದೆ. ಅದನ್ನು ಬರೆದವನೂ ನಾನೇ. ಗುಮಾಸ್ತರು ಕೂತಿರಲಿ, ನೀವು ನನ್ನ ಜೊತೆ ಬನ್ನಿ.

ನಮ್ಮೂರು ಕಾಮಗೆರೆಯಿಂದ ಎರಡು ಮೈಲಿ ಒಳಗೆ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವುದು ನಮ್ಮ ಕೆಲಸ. ಹುಳದ ಮನೆಯನ್ನು ಕಟ್ಟಿಸಿದವರು ನಮ್ಮ ತಂದೆ ಮಲ್ಲಪ್ಪನವರು. ವಾಸದ ಮನೆಯ ಸೂರು ಸೋರುತ್ತಿದ್ದಾಗ ಅವರು ಮೊದಲು ಹುಳದ ಮನೆಯ ಸೂರು ಹೊದಿಸಿದರು. ಹುಳುಗಳಿಗೆ ನೆಗಡಿಯಾದರೆ ಮೂಗು ಒರೆಸುವವರು ಯಾರು ಎಂಬುದು ಅವರ ವಾದ. ಆ ಮನೆಗೆ ಅವರದೇ ಕಟ್ಟಳೆಗಳಿದ್ದವು. ಹೊರಗಿನವರು ಬರಬಾರದು. ಮನೆಯವರಾದರೂ ಹೊಸ್ತಿಲಲ್ಲಿ ಕಾಲು ತೊಳೆಯಬೇಕು. ಬೀಡಿ, ಸೀಮೆಎಣ್ಣೆ, ತಲೆಗೆ ಹಚ್ಚುವ ವಾಸನೆ ಎಣ್ಣೆ, ಯಾವುದೂ ಒಳಗೆ ಬರಬಾರದು. ಮದುವೆಯ ಹೊಸತರಲ್ಲಿ ನಾನು ಪೇಟೆಯಿಂದ ತಂದ ಸಂಪಿಗೆ ಎಣ್ಣೆ ಹಚ್ಚಿಕೊಂಡು ಒಳಗೆ ಹೋಗಿ, ಹೆಂಡತಿಯ ಎದುರೇ ಅಪ್ಪನಿಂದ ಬೈಸಿಕೊಂಡಿದ್ದೇನೆ. ಆ ಎಣ್ಣೆಯನ್ನು ಆಮೇಲೆ ಗಾಡಿಯ ಕೀಲಿಗೆ ಹಾಕಿದೆವು. ಗಾಡಿ ಬಹಳ ದಿನ ಘಮಘಮಿಸಿತು.

ದೇವೀರಮ್ಮ ಯಳಂದೂರಿನ ಕಡೆಯವಳು. ಆಗ ಯಳಂದೂರು ಮೈಸೂರು ಮಹಾರಾಜರದು, ಕೊಳ್ಳೇಗಾಲ ಮದರಾಸಿನದು. ನಡುವೆ ಎರಡು ಗಂಟೆಯ ಗಾಡಿ ದಾರಿ. ನಮ್ಮ ಕಡೆಯ ಯಾವ ಕಾಗದ ಬಂದರೂ ಅವಳು, ‘ನಮ್ಮ ರಾಜರ ಸೀಮೇಲಿ ಇವೆಲ್ಲ ಇಲ್ಲ ಕಣ್ರಿ’ ಎನ್ನುತ್ತಿದ್ದಳು. ಇತ್ತೋ ಇಲ್ಲವೋ ನಾನು ವಿಚಾರಿಸಲಿಲ್ಲ. ಹೆಂಡತಿಯ ತವರಿನ ಆಡಳಿತವನ್ನು ವಿಚಾರಿಸಿ ನೆಮ್ಮದಿಯಾಗಿದ್ದವರನ್ನು ನಾನು ಕಂಡಿಲ್ಲ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ಬಸ್ಸಿನ ಮೇಲಿನ ಗೌರವದಿಂದ. ಏರು ಬಂದರೆ ಎಲ್ಲರೂ ಇಳಿದು ತಳ್ಳುತ್ತಿದ್ದೆವು. ಅದು ದಾರಿಯುದ್ದಕ್ಕೂ ಢಮ್ ಢಮ್ ಎನ್ನುತ್ತಿದ್ದುದರಿಂದ, ಒಂದು ದಿನ ಮಧ್ಯಾಹ್ನ ನಿಜವಾಗಿಯೂ ಢಮ್ ಎಂದಾಗ ಹೊಲದಲ್ಲಿದ್ದ ನಾವು ಯಾರೂ ತಲೆ ಎತ್ತಲಿಲ್ಲ. ಸರ್ಕಾರದ ಟಪಾಲು ಚೀಲದ ಪಕ್ಕದಲ್ಲಿ ಯಾರೋ ಸಿಡಿಮದ್ದಿನ ಗಂಟು ಇಟ್ಟಿದ್ದರು. ಬಿಳಿಯರನ್ನು ಓಡಿಸುವುದಕ್ಕೆ ಇಟ್ಟದ್ದು ಎಂದು ಆಮೇಲೆ ಜನ ಮಾತಾಡಿಕೊಂಡರು. ಬಸ್ಸಿನಲ್ಲಿ ಬಿಳಿಯರು ಯಾರೂ ಇರಲಿಲ್ಲ. ಒಬ್ಬ ಪೊಲೀಸ್ ಪೇದೆ ಇದ್ದ, ನಮ್ಮ ಎದುರು ಮನೆಯ ಬಸವಣ್ಣನ ಹೆಂಡತಿ ಚಿಕ್ಕತಾಯಮ್ಮ ಇದ್ದಳು. ಇಬ್ಬರೂ ಹೋದರು.

ಚಿಕ್ಕತಾಯಮ್ಮ ಮತ್ತು ದೇವೀರಮ್ಮ ಹದಿನಾಲ್ಕು ವರ್ಷ ಒಂದೇ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿದವರು. ಆ ದಿನ ಅವಳು ಕೊಳ್ಳೇಗಾಲಕ್ಕೆ ಹೋಗಿದ್ದು ಇಬ್ಬರಿಗೂ ಸೇರಿಸಿ ವೀಳ್ಯದೆಲೆ ತರುವುದಕ್ಕೆ. ಆಮೇಲೆ ದೇವೀರಮ್ಮ ಎಲೆ ಹಾಕುವುದನ್ನು ಬಿಟ್ಟಳು. ಎಲೆ ಪೆಟ್ಟಿಗೆಯಲ್ಲಿ ಮೆಂತ್ಯ ತುಂಬಿಟ್ಟಳು.

ಹದಿನೈದು ದಿನಕ್ಕೆ ಮೇಲಿನಿಂದ ಆಜ್ಞೆ ಬಂತು. ಪ್ರತಿ ಮನೆಯವರೂ ಮನೆಯಲ್ಲಿರುವವರ ಹೆಸರು ಬರೆದು ಬಾಗಿಲಿಗೆ ಅಂಟಿಸಬೇಕು. ನೆಂಟರು ಬಂದು ಉಳಿದರೆ ತಿಳಿಸಬೇಕು. ಐದು ಜನಕ್ಕಿಂತ ಹೆಚ್ಚು ಗುಂಪು ಕೂಡಬಾರದು. ಪಟ್ಟಿಯಲ್ಲಿ ಸುಳ್ಳಿದ್ದರೆ ಜೈಲು. ಊರಿನಲ್ಲಿ ಎಂಟನೇ ಕ್ಲಾಸು ಓದಿದವನು ನಾನೊಬ್ಬನೇ ಆದ್ದರಿಂದ ಎಲ್ಲರ ಪಟ್ಟಿಯನ್ನೂ ನಾನೇ ಬರೆದೆ. ಬರೆಸಲು ಬಂದವರು ಗುಂಪು ಕೂಡದಂತೆ ಐದೈದೇ ಜನರಾಗಿ ಬಂದರು. ಆರನೆಯವನು ತೆಂಗಿನ ಮರದ ಹತ್ತಿರ ತನಗೂ ಇದಕ್ಕೂ ಸಂಬಂಧವಿಲ್ಲದವನಂತೆ ನಿಂತಿರುತ್ತಿದ್ದ. ಆಜ್ಞೆಯಲ್ಲಿ ಅಂಟಿನ ಮಾತಿರಲಿಲ್ಲ. ಜನ ರಾಗಿ ಅಂಬಲಿಯಿಂದ ಅಂಟಿಸಿದರು. ಮೇಕೆಗಳು ಬಂದು ಒಂದು ಬೀದಿಯ ಜನರನ್ನೆಲ್ಲ ತಿಂದು ಹೋದವು. ಎರಡನೇ ಸಲ ಬರೆಯುವಾಗ ಮೇಕೆ ಬಾಯಿ ಹಾಕದಂತೆ ಅಂಟಿಗೆ ಮೈಲುತುತ್ತ ಹಾಕಿಸಿದೆ.

ನಮ್ಮ ಮನೆಯ ಪಟ್ಟಿ ಬರೆಯಲು ಕೂತಾಗ ದೇವೀರಮ್ಮ ಬಂದು ನಿಂತಳು.

‘ಮಾವನ ಎಸ್ರು ಮೊದ್ಲು ಬರೀರಿ.’

ಅಪ್ಪ ತೀರಿಕೊಂಡು ಆಗ ಮೂರು ವರ್ಷ. ಅದನ್ನು ನೆನಪಿಸಿದೆ.

‘ನಂಗೊತ್ತಿಲ್ವಾ? ನಾನೇ ನೀರುಯ್ದಿರಾದು. ಹಂಗಂತ ಮನೆ ಬುಟ್ಟು ಓದ್ರಾ?’

ನಿಮಗೆ ಇದು ವಿಚಿತ್ರವೆನಿಸಬಹುದು. ನಮ್ಮ ಕಡೆ ಮಾರ್ನಮಿಯಲ್ಲಿ ಹಿರಿಯರಿಗೆ ಎಡೆ ಇಡದೆ ಯಾರೂ ಉಣ್ಣುವುದಿಲ್ಲ. ಆದರೆ ದೇವೀರಮ್ಮನಿಗೆ ವರ್ಷಕ್ಕೊಂದು ದಿನ ಸಾಲುತ್ತಿರಲಿಲ್ಲ. ಅಪ್ಪನ ರುಮಾಲು, ಕೋಲು ಎರಡನ್ನೂ ಹುಳದ ಮನೆಯ ಗೂಟಕ್ಕೆ ತೂಗುಹಾಕಿದ್ದಳು. ತೋಟಕ್ಕೆ ಹೋಗುವಾಗ ಅತ್ತ ತಿರುಗಿ, ‘ಮಾವ, ಸೊಪ್ಪು ತರ್ತೀನಿ, ಬಾಗ್ಲು ನೋಡ್ಕಳಿ’ ಎಂದು ಹೇಳಿಯೇ ಹೋಗುವಳು. ಬೀಗ ಹಾಕಿದ್ದನ್ನು ನಾನು ಕಂಡಿಲ್ಲ. ವಾದ ಮಾಡಿ ಗೆಲ್ಲುವ ಅಭ್ಯಾಸ ನನಗಿರಲಿಲ್ಲ. ನೋಡಲು ಯಾರು ಬರುತ್ತಾರೆ ಎಂದುಕೊಂಡು, ಮಲ್ಲಪ್ಪ, ವಯಸ್ಸು ಎಪ್ಪತ್ತು, ಎಂದು ದುಂಡಗೆ ಬರೆದೆ.

ಬಂದರು. ಹುಳು ಹಣ್ಣಾದ ದಿನವೇ ಬಂದರು. ಹಣ್ಣಾದ ಹುಳು ಎಂದರೆ ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುವ ಹುಳು. ಅದನ್ನು ಆರಿಸಿ, ಗೂಡು ಕಟ್ಟಲೆಂದೇ ಬಿದಿರಿನಿಂದ ಹೆಣೆದ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ಆ ಒಂದು ದಿನ ಹೊಗೆ ತಾಗಿದರೆ ತಿಂಗಳ ದುಡಿಮೆ ಕಪ್ಪಗಾಗಿ ಕೆಳಗೆ ಬೀಳುತ್ತದೆ. ಇನ್ಸ್‌ಪೆಕ್ಟರೊಬ್ಬರು, ಇಬ್ಬರು ಪೇದೆಗಳು. ಮೊದಲು ಬಸವಣ್ಣನ ಮನೆಗೆ ನುಗ್ಗಿದರು. ಸತ್ತವಳ ಮನೆಯನ್ನೇ ಏಕೆ ಶೋಧಿಸಬೇಕೆಂದು ಕೇಳಬೇಡಿ, ಬೀದಿಯಲ್ಲಿ ಅದು ಮೊದಲನೆಯದು. ಪೇದೆಗಳು ಬೂಟು ಹಾಕಿಕೊಂಡು, ಬಾಯಲ್ಲಿ ಬೀಡಿ ಇಟ್ಟುಕೊಂಡೇ ಅವನ ಹುಳದ ಕೋಣೆಗೆ ಹೋದರು. ಬಸವಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಬೇಡವೆನ್ನಲಿಲ್ಲ. ದೇವೀರಮ್ಮ ನಮ್ಮ ಜಗಲಿಯಿಂದ ನೋಡುತ್ತಿದ್ದಳು.

ಆಮೇಲೆ ನಮ್ಮ ಬಾಗಿಲು. ಇನ್ಸ್‌ಪೆಕ್ಟರು ತಮಿಳು ಸೀಮೆಯವರು. ಕನ್ನಡವನ್ನು ಒಂದೊಂದೇ ಪದವಾಗಿ ಎಣಿಸಿ ಕೊಡುತ್ತಿದ್ದರು.

‘ಮೂರು ಹೆಸರು. ಆಳು ಇಬ್ಬರು. ಮಲ್ಲಪ್ಪ ಯಾರು?’

‘ನಮ್ಮ ತಂದೆ’ ಎಂದೆ. ಸುಳ್ಳು ಬರೆದ ಕೈಯನ್ನು ಪಂಚೆಯ ಹಿಂದೆ ಅಡಗಿಸಿಕೊಂಡೆ. ಅದರಿಂದ ಅನುಮಾನ ಹೆಚ್ಚಿತು.

‘ಎಲ್ಲಿ?’

‘ಹುಳದ ಮನೇಲವ್ರೆ ಸಾ’ ಎಂದಳು ದೇವೀರಮ್ಮ.

‘ಕರೆಯಿರಿ.’

‘ಕರುದ್ರೆ ಬರಾದಿಲ್ಲ.’

ಪೇದೆಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಹಿತ್ತಿಲಿಗೆ ಹೋದರು. ಅವರಿಗಿಂತ ಮೊದಲು ಅವಳು ಹೋಗಿ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತಳು. ಅವಳು ಎತ್ತರದವಳಲ್ಲ, ಬಾಗಿಲೂ ದೊಡ್ಡದಲ್ಲ. ಸರಿಹೋಯಿತು.

‘ದಾರಿ ಬಿಡಮ್ಮ. ಬಸ್ಸಿನಲ್ಲಿ ಎರಡು ಜೀವ ಹೋಗಿದೆ. ಒಂದು ನನ್ನ ಪೇದೆ. ಹೆಣ ನಾನೇ ಎತ್ತಿದೆ.’

‘ಇನ್ನೊಂದು ನನ್ ಗೆಳ್ತಿ. ನಂಗೆ ಎಲೆ ತರಾಕೋಗಿ ಸತ್ಲು. ಅವಳ್ನ ಕೊಂದೋನು ನಮ್ಮನೇಲಿದ್ರೆ ನಾನೇ ಜುಟ್ಟು ಇಡ್ದು ಕೊಡ್ತೀನಿ. ನೋಡ್ಬ್ಯಾಡಿ ಅಂದ್ನಾ? ನೋಡಿ. ಒಬ್ರೇ ಬನ್ನಿ. ಬೀಡಿ ಜೇಬಿಂದ ತಗುದ್ಬುಡಿ. ಬೂಟ್ ಬಿಚ್ಚಿ ಕಾಲು ತೊಳ್ಕಳಿ.’

‘ಕಾನೂನಿಗೆ ಕಾಲು ತೊಳೆಯೋ ಪದ್ಧತಿ ಇಲ್ಲ.’

‘ಕಾನೂನು ಒರ್ಗೇ ಇರ್ಲಿ. ನೀವು ತೊಳ್ಕಳಿ.’

ನಾನು ಆಗ ಮಾಡಿದ ಕೆಲಸವನ್ನು ಹೇಳಿಬಿಡುತ್ತೇನೆ. ‘ಬಿಡು ದೇವಿ, ಹೋಗಲಿ, ನಾಲ್ಕು ಹುಳು’ ಎಂದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. ಜೈಲು ನನ್ನದು, ಭಯ ನನ್ನದು, ಬಾಗಿಲಲ್ಲಿ ನಿಂತವಳು ಮಾತ್ರ ಅವಳು.

ಅವಳನ್ನು ತಳ್ಳಿಕೊಂಡು ಹೋಗಲು ಇಬ್ಬರು ಪೇದೆ, ಒಂದು ಲಾಠಿ ಬೇಕಾದಷ್ಟಾಗಿತ್ತು. ಆದರೂ ಇನ್ಸ್‌ಪೆಕ್ಟರು ತೊಟ್ಟಿಯ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚತೊಡಗಿದರು. ಬಲಗಾಲಿನದು ಬೇಗ ಬಂತು. ಎಡಗಾಲಿನದು ಬರಲಿಲ್ಲ. ಒಬ್ಬ ಪೇದೆ ಹಿಡಿದೆಳೆದು ಹಿಂದಕ್ಕೆ ಬಿದ್ದ. ಯಾರೂ ನಗಲಿಲ್ಲ. ನಗದಿರುವುದಕ್ಕೆ ಎಲ್ಲರೂ ಕಷ್ಟಪಟ್ಟರು. ದೇವೀರಮ್ಮ ಚೊಂಬಿನಿಂದ ನೀರು ಹುಯ್ದಳು. ‘ಹಿಮ್ಮಡಿ’ ಎಂದಳು. ಹಿಮ್ಮಡಿಯನ್ನೂ ತೊಳೆದರು.

ಒಳಗೆ ಕತ್ತಲೆ. ದೀಪ ಕೇಳಿದರು. ಸೀಮೆಎಣ್ಣೆ ಆಗದೆಂದು ಅವಳು ಬೆಳಕಿಂಡಿಯ ತಟ್ಟಿ ಎತ್ತಿಹಿಡಿದಳು. ಅವರು ಅಟ್ಟ, ಸಂದಿ, ಸೊಪ್ಪಿನ ಬುಟ್ಟಿ ಎಲ್ಲವನ್ನೂ ನೋಡಿದರು. ಬಿಡದೆ ನೋಡಿದರು ಎಂದು ಹೇಳಲೇಬೇಕು. ಕೊನೆಗೆ ಗೂಟದ ಮುಂದೆ ನಿಂತರು. ರುಮಾಲು, ಕೋಲು, ಗೋಡೆಯ ಮೇಲೆ ಮೂರು ಬೆರಳಿನ ವಿಭೂತಿ.

‘ಇವ್ರೇ ನಮ್ಮಾವ’ ಎಂದಳು.

‘ಯಾವಾಗ?’

‘ಮೂರೊರ್ಸಾಯ್ತು ಸಾ.’

‘ಮತ್ತೆ ಪಟ್ಟಿಯಲ್ಲಿ ಯಾಕೆ?’

‘ಮನೆ ಕಾಯೋರೇ ಅವ್ರು. ನಾವಿಬ್ರೂ ತೋಟಕ್ಕೋದ್ರೆ ಬಾಗ್ಲು ಯಾರ್ ನೋಡ್ಕತಾರೆ? ಅವ್ರ ಬುಟ್ಟು ಪಟ್ಟಿ ಬರ್ಯಾಕಾದದಾ?’

ಅವರು ಹೊರಗೆ ಬಂದು, ಮುಂಬಾಗಿಲ ಪಟ್ಟಿಯ ಮುಂದೆ ನಿಂತು ಲೇಖನಿ ತೆಗೆದರು. ಅಪ್ಪನ ಹೆಸರಿನ ಮೇಲೆ ಒಂದು ಗೀಟು ಎಳೆದರು. ಎಷ್ಟು ತೆಳ್ಳಗಿನ ಗೀಟೆಂದರೆ ಕೆಳಗಿನ ಹೆಸರನ್ನು ಚೆನ್ನಾಗಿ ಓದಬಹುದಿತ್ತು. ಪಕ್ಕದಲ್ಲಿ ‘ತನಿಖೆ ಆಗಿದೆ’ ಎಂದು ಬರೆದು ಸಹಿ ಹಾಕಿದರು. ಬೂಟು ಹಾಕಿಕೊಳ್ಳುವುದು ಬಿಚ್ಚಿದ್ದಕ್ಕಿಂತ ತಡವಾಯಿತು.

ನಮ್ಮ ಹುಳು ಗೂಡು ಕಟ್ಟಿತು. ಬಸವಣ್ಣನದು ಮೂರನೇ ದಿನ ಕಪ್ಪಗಾಗಿ ಉದುರಿತು. ದೇವೀರಮ್ಮ ಗೂಡು ತುಂಬಿದ ನಾಲ್ಕು ಚಂದ್ರಿಕೆಯನ್ನು ನನ್ನಿಂದ ಹೊರಿಸಿಕೊಂಡು ಅವನ ಜಗಲಿಗೆ ಹೋದಳು.

‘ನೀನಾದ್ರೂ ಒಂದ್ ಮಾತು ಬ್ಯಾಡ ಅನ್ಬಾರ್ದಾಗಿತ್ತಾ ಬಸವಣ್ಣ?’

‘ಯಾಕನ್ಲಿ? ಊರಿನ್ ಉಳ ಎಲ್ಲಾ ಸಾಯ್ಲಿ ಕಣವ್ವ, ಆ ಮದ್ದಿಟ್ಟೋನೊಬ್ಬ ಸಿಕ್ಕಿದ್ರೆ ಸಾಕಾಗಿತ್ತು’ ಎಂದ. ಚಂದ್ರಿಕೆಗಳನ್ನು ನೋಡಿ, ‘ನಿನ್ ಉಳ ಉಳ್ಕತು. ಅವ್ನೂ ಉಳ್ಕಂಡ’ ಎಂದ.

ಚಂದ್ರಿಕೆಗಳನ್ನು ಅಲ್ಲೇ ಬಿಟ್ಟು ಬಂದೆವು. ಬೆಳಿಗ್ಗೆ ನೋಡಿದಾಗ ಅವನು ಒಳಗೆ ತೆಗೆದುಕೊಂಡಿದ್ದ.

ಮದ್ದು ಇಟ್ಟವನು ಕಡೆಗೂ ಸಿಗಲಿಲ್ಲ. ಪಟ್ಟಿಯ ಆಜ್ಞೆ ಯಾವಾಗ ನಿಂತಿತೆಂದು ಯಾರೂ ತಿಳಿಸಲಿಲ್ಲ. ಮುಂಬಾಗಿಲಿನ ಪಟ್ಟಿಯನ್ನು ದೇವೀರಮ್ಮ ಒಂದು ದಿನ ಬಿಡಿಸಿ ತಂದು ಹುಳದ ಮನೆಯ ಬಾಗಿಲ ಹಿಂದೆ ಅಂಟಿಸಿದಳು. ಆಮೇಲಿನ ವರ್ಷಗಳುದ್ದಕ್ಕೂ ನಾನೂ ಅವಳೂ ಆ ದಿನದ ಬಗ್ಗೆ ಜಗಳವಾಡಿದ್ದೇವೆ. ಭಯದ ಕಾಲದಲ್ಲಿ ಬಾಗಿಲು ಬಿಟ್ಟುಕೊಡಬೇಕು ಎಂದು ನಾನು. ‘ಕಾಯ್ತೀನಿ ಅಂತ ಬಂದೋನು ಕಾಲು ತೊಳ್ಕಂಡು ಬರ್ಲಿ. ಅಷ್ಟೂ ಆಗ್ದೋನು ಏನ್ ಕಾದಾನು?’ ಎಂದು ಅವಳು. ಒಮ್ಮೊಮ್ಮೆ ಸಾರು ಆರುವವರೆಗೂ ಆಡಿದ್ದೇವೆ. ಬಸವಣ್ಣನ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ನನಗೆ ಅದು ಆಗ ಸಿಟ್ಟಿನ ಮಾತಾಗಿ ಕೇಳಿಸಿತ್ತು. ಹೋದ ಆಷಾಢದಲ್ಲಿ, ಅವಳನ್ನು ಮಣ್ಣು ಮಾಡಿ ಬಂದ ಮರುದಿನ, ತಟ್ಟೆಗಳಲ್ಲಿ ಹುಳು ಸೊಪ್ಪಿಗಾಗಿ ತಲೆ ಎತ್ತಿ ಕಾಯುತ್ತಿದ್ದವು. ನಾನು ಸೊಪ್ಪು ಹಾಕಲಿಲ್ಲ. ಎಲ್ಲಾ ಸಾಯಲಿ ಎಂದುಕೊಂಡೆ. ಎದುರು ಮನೆಯಿಂದ ಬಸವಣ್ಣ ಬಂದ. ಹೊಸ್ತಿಲಲ್ಲಿ ಕಾಲು ತೊಳೆದುಕೊಂಡು ಒಳಗೆ ಹೋಗಿ ಸೊಪ್ಪು ಹಾಕಿದ. ಹಿಮ್ಮಡಿಯನ್ನೂ ತೊಳೆದಿದ್ದ.

ಬಾಗಿಲ ಹಿಂದಿನ ಪಟ್ಟಿ ಹಳದಿಯಾಗಿದೆ, ಮೈಲುತುತ್ತದ ಪುಣ್ಯದಿಂದ ಗೆದ್ದಲು ತಿಂದಿಲ್ಲ. ಓದಿ ಜಗಲಿಗೆ ಬಂದೆ. ಗುಮಾಸ್ತರು ಅಂಟು ಒಣಗದಂತೆ ಕಡ್ಡಿಯಿಂದ ಕಲಕುತ್ತಿದ್ದರು.

‘ಹೆಸರು ಸಾ?’

ನನ್ನ ಹೆಸರು ಹೇಳಿದೆ. ದೇವೀರಮ್ಮ ಎಂದೂ ಹೇಳಿದೆ. ಬರೆದರು.

‘ಅಮ್ಮಾವ್ರು ಎಲ್ಲವ್ರೆ?’

‘ಹುಳದ ಮನೆಯಲ್ಲಿ. ಆಷಾಢದಲ್ಲಿ ತೀರಿಕೊಂಡಳು’ ಎಂದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಬಂತು.

ಅವರು ಲೇಖನಿಯನ್ನು ಕಾಗದದ ಮೇಲೆ ಹಿಡಿದು ನನ್ನ ಮುಖ ನೋಡಿದರು. ‘ಗೀಟು ಹಾಕ್ಬೇಕಾಯ್ತದೆ ಸಾ.’

‘ಹಾಕಿ’ ಎಂದೆ. ‘ತೆಳ್ಳಗೆ ಹಾಕಿ. ಓದಲು ಬರುವಂತೆ.’