ಯಾವತ್ತಿನ ನಾಳೆ?

2003ರಲ್ಲಿ ನಾನು ಭದ್ರಾವತಿಯ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ, ಜೊತೆಗೆ ಎನ್.ಎಸ್.ಎಸ್. ಅಧಿಕಾರಿ. ಎರಡನೆಯ ಕೆಲಸಕ್ಕೆ ಯಾರೂ ಮುಂದೆ ಬರದಿದ್ದಾಗ ಪ್ರಿನ್ಸಿಪಾಲರು ಅದನ್ನು ನನ್ನ ಕೊರಳಿಗೆ ಕಟ್ಟಿದ್ದರು. ಇವತ್ತು ಅವರಿಗೆ ಕೈ ಮುಗಿಯುತ್ತೇನೆ.

ಆಗ ಓಲ್ಡ್ ಟೌನಿನಲ್ಲಿ ಸೈಬರ್ ಕೆಫೆ ಬಂದಿತ್ತು. ಮಕ್ಕಳ ಪ್ರಾಜೆಕ್ಟ್ ವರದಿಗಳೆಲ್ಲ ಅಲ್ಲಿಂದಲೇ ಇಳಿಯುತ್ತಿದ್ದವು. ಗಡಸು ನೀರಿನ ಬಗ್ಗೆ ಬರೆದ ಒಬ್ಬ ಮಹಾಶಯ ಫಿಲ್ಟರ್ ಮಾರುವ ಕಂಪನಿಯ ಜಾಹೀರಾತನ್ನೇ ಸಂಶೋಧನೆಯೆಂದು ಅಂಟಿಸಿ ತಂದಿದ್ದ. ನನಗೆ ರೇಗಿತು. ಇಂಟರ್ನೆಟ್ಟಿನಿಂದ ಏನೇ ತಂದರೂ ಅದನ್ನು ಬರೆದವರು ಯಾರು, ಬರೆದದ್ದು ಯಾವಾಗ ಎಂದು ಕೆಳಗೆ ನಮೂದಿಸಬೇಕು, ಬೇರೆ ಕಡೆ ವಿಚಾರಿಸಿಯೂ ನೋಡಿರಬೇಕು, ಇಲ್ಲದಿದ್ದರೆ ಅಂಕವಿಲ್ಲ ಎಂದು ನಿಯಮ ಮಾಡಿದೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಇನ್‌ಸ್ಪೆಕ್ಟರ್ ಮೇಡಂ’ ಎನ್ನುತ್ತಿದ್ದರಂತೆ. ಅನ್ನಲಿ, ಪುಕ್ಕಟೆ ಬಡ್ತಿ ಎಂದುಕೊಂಡೆ.

ಅದೇ ವರ್ಷ ನಮ್ಮ ಎನ್.ಎಸ್.ಎಸ್. ಘಟಕದಲ್ಲಿ ರಕ್ತದಾನಿಗಳ ಗುಂಪು ಕಟ್ಟಿದ್ದೆವು. ಅಂತಿಮ ಬಿ.ಎಸ್ಸಿ.ಯ ಮಂಜುನಾಥನದು ಬಿ ನೆಗೆಟಿವ್, ಸುಲಭಕ್ಕೆ ಸಿಗದ ರಕ್ತ. ಮಳೆಗಾಲದ ಒಂದು ಸೋಮವಾರ ಶಿವಮೊಗ್ಗದ ರಕ್ತನಿಧಿಯಿಂದ ಫೋನ್ ಬಂತು. ಆಯನೂರಿನ ಗರ್ಭಿಣಿಯೊಬ್ಬರಿಗೆ ಶುಕ್ರವಾರ ಸಿಸೇರಿಯನ್. ರಕ್ತಸ್ರಾವ ಹೆಚ್ಚಾಗುವ ಭಯವಿದೆ. ಗುರುವಾರ ಮಂಜುನಾಥ ಬಂದು ರಕ್ತ ಕೊಡಬೇಕು. ಅದೇ ಗುಂಪಿನ ರಕ್ತದ ಇನ್ನೊಬ್ಬರು ಶಿವಮೊಗ್ಗದ ನವುಲೆಯಲ್ಲಿದ್ದರು, ಆದರೆ ಹಿಂದಿನ ತಿಂಗಳಷ್ಟೇ ಕೊಟ್ಟಿದ್ದರು. ಒಮ್ಮೆ ಕೊಟ್ಟವರು ಮೂರು ತಿಂಗಳು ಮತ್ತೆ ಕೊಡುವಂತಿಲ್ಲ.

ಬುಧವಾರ ಮಧ್ಯಾಹ್ನ ಮಂಜುನಾಥ ಏದುಸಿರು ಬಿಡುತ್ತ ಲ್ಯಾಬಿಗೆ ಬಂದ. ಕೈಯಲ್ಲಿ ಇ-ಮೇಲ್ ಒಂದರ ಪ್ರಿಂಟ್. ಬೆಂಗಳೂರಿನ ಆಸ್ಪತ್ರೆಯಲ್ಲಿ ಐದು ವರ್ಷದ ಹುಡುಗಿಗೆ ಬಿ ನೆಗೆಟಿವ್ ರಕ್ತ ಬೇಕು, ನಾಳೆಯೊಳಗೆ ಸಿಗದಿದ್ದರೆ ಜೀವ ಉಳಿಯದು, ದಯವಿಟ್ಟು ಎಲ್ಲರಿಗೂ ಕಳಿಸಿ ಎಂದಿತ್ತು. ಕೆಳಗೆ ತಂದೆಯ ಫೋನ್ ನಂಬರ್.

“ಮೇಡಂ, ಸಂಜೆ ಬಸ್ಸಿಗೆ ಹೋಗ್ತೀನಿ. ಶಿವಮೊಗ್ಗದೋರಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳೋಕೆ ಹೇಳಿ. ಅವರಿಗೆ ಶುಕ್ರವಾರದ ತನಕ ಟೈಮಿದೆ” ಎಂದ.

ಒಂದು ಕಡೆ ಸಾವಿನಂಚಿನ ಮಗು, ಇನ್ನೊಂದು ಕಡೆ ಹೆರಬೇಕಾದ ತಾಯಿ. ಇರುವವನು ಒಬ್ಬನೇ. ಹೋಗಬೇಡ ಎನ್ನುವ ಧೈರ್ಯ ನನಗಿರಲಿಲ್ಲ.

ಪಕ್ಕದ ಬೆಂಚಿನಲ್ಲಿ ಬ್ಯುರೆಟ್ ತೊಳೆಯುತ್ತಿದ್ದ ಸೆಲ್ವಿ ಕೈ ಒರೆಸಿಕೊಂಡು ಬಂದಳು. ಕಾರ್ಖಾನೆ ಕ್ವಾರ್ಟರ್ಸಿನ ತಮಿಳು ಮನೆಯ ಹುಡುಗಿ, ಮಂಜುನಾಥನ ತರಗತಿಯವಳೇ. ಪ್ರಿಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ನಾಳೆ ಅಂತಿದೆ, ಯಾವತ್ತಿನ ನಾಳೆ? ಇವನಿಗೆ ಬಂದಿದ್ದು ಇವತ್ತು. ಮೊದಲು ಬರೆದಿದ್ದು ಯಾವಾಗ ಅಂತ ಎಲ್ಲೂ ಇಲ್ಲ ಮೇಡಂ. ಫೋನ್ ಮಾಡಿ ಕೇಳೋಣ.”

ಮಂಜುನಾಥ ಸಿಡಿದ. “ಇದೇನು ಪ್ರಾಜೆಕ್ಟಾ ಮಾರಾಯ್ತಿ? ಅಲ್ಲಿ ಮಗು ಸಾಯ್ತಾ ಇದೆ, ನೀನು ತಾರೀಖು ಕೇಳ್ತೀಯಾ?”

“ಆಯನೂರಮ್ಮನ ಹೊಟ್ಟೇಲೂ ಮಗು ಇದೆಯಲ್ಲೋ” ಎಂದಳು ಸೆಲ್ವಿ.

ಮೂವರೂ ಕಾಲೇಜಿನ ಎದುರಿನ ಎಸ್‌ಟಿಡಿ ಬೂತಿಗೆ ಹೋದೆವು. ನಂಬರ್ ಒತ್ತಿದವಳು ನಾನು. ಮೊದಲು ಎಂಗೇಜ್. ಮತ್ತೆ ಒತ್ತಿದಾಗ ಮಗುವಿನ ತಂದೆಯೇ ಎತ್ತಿದರು. ವಿಷಯ ಹೇಳಿದೆ. ಎಲ್ಲಿಂದ ಮಾತಾಡುತ್ತಿದ್ದೀರೆಂದು ಕೇಳಿದರು. ಭದ್ರಾವತಿ ಎಂದೆ.

“ಅಷ್ಟು ದೂರದಿಂದ ಬರೋಕೆ ಹೊರಟಿದ್ದಾರಾ? ಆ ಹುಡುಗನಿಗೆ ನನ್ನ ನಮಸ್ಕಾರ ಹೇಳಿಮ್ಮ. ನನ್ನ ಮಗಳು ಗುಣವಾಗಿ ಎರಡು ವರ್ಷ ಆಯ್ತು. ಈಗ ಸ್ಕೂಲಿಗೆ ಹೋಗ್ತಾಳೆ. ಆ ಮೇಲ್ ಮಾತ್ರ ಇನ್ನೂ ಊರೂರು ಸುತ್ತುತ್ತಾ ಇದೆ. ನಿಲ್ಲಿಸೋದು ಹೇಗೆ ಅಂತಲೇ ಗೊತ್ತಿಲ್ಲ.”

ಅವರು ಹೇಳಿದ್ದನ್ನು ತಿಳಿಸಿದಾಗ ಮಂಜುನಾಥ ಬೂತಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಬೇಸ್ತು ಬಿದ್ದ ಸಿಟ್ಟೋ, ಮಗು ಬದುಕಿದೆಯೆಂಬ ಸಮಾಧಾನವೋ, ಅವನಿಗೇ ತಿಳಿದಂತಿರಲಿಲ್ಲ. ನನಗೂ ಅದು ಹೊಸದು. ಸುಳ್ಳನ್ನು ಹಿಡಿಯುವುದನ್ನು ನಾನು ಕಲಿಸಿದ್ದೆ. ಅಂದು ಕೈಗೆ ಸಿಕ್ಕಿದ್ದು ಅವಧಿ ಮುಗಿದ ನಿಜ.

ಗುರುವಾರ ಅವನು ಶಿವಮೊಗ್ಗಕ್ಕೆ ಹೋಗಿ ರಕ್ತ ಕೊಟ್ಟ. ಶುಕ್ರವಾರ ವೈದ್ಯರು ಹೆದರಿದ್ದಂತೆಯೇ ಆಯಿತು. ರಕ್ತನಿಧಿಯಲ್ಲಿ ಉಳಿದಿದ್ದ ಒಂದೇ ಬಾಟಲಿ ಸಾಲದೆ ಮಂಜುನಾಥನದನ್ನೂ ಏರಿಸಬೇಕಾಯಿತು. ತಾಯಿ ಉಳಿದರು, ಮಗುವೂ ಉಳಿಯಿತು.

ಭಾನುವಾರ ಮೂವರೂ ನೋಡಲು ಹೋದೆವು. ಬಾಣಂತಿಯ ತಾಯಿ ಮಂಜುನಾಥನ ಎರಡೂ ಕೈ ಹಿಡಿದುಕೊಂಡು, “ನಿನ್ನ ಹೆತ್ತೋರ ಹೊಟ್ಟೆ ತಣ್ಣಗಿರ್ಲಿ ಕಣಪ್ಪ” ಎಂದು ಅತ್ತರು. ಅವನಿಗೆ ಸಂಕೋಚ. “ನಂಗಲ್ಲ ಅಜ್ಜಿ, ಇವಳಿಗೆ ಹೇಳಿ. ನಾನು ಬೆಂಗಳೂರು ಬಸ್ ಹತ್ತೋನಿದ್ದೆ” ಎಂದ. ಅಜ್ಜಿಗೆ ಏನೂ ಅರ್ಥವಾಗಲಿಲ್ಲ. ಆದರೂ ಮಗುವನ್ನು ತೊಟ್ಟಿಲಿನಿಂದ ಎತ್ತಿ ಸೆಲ್ವಿಯ ಕೈಗಿಟ್ಟರು.

ನಿವೃತ್ತಳಾದ ಮೇಲೂ ಈ ಮಾತು ಹೇಳುತ್ತಲೇ ಇದ್ದೇನೆ. ಪ್ರಶ್ನೆ ಕೇಳುವವರ ಮನಸ್ಸು ಕಲ್ಲು ಎಂದು ಜನ ತಿಳಿಯುತ್ತಾರೆ. ಓಡಿಹೋಗಲು ಒಳ್ಳೆಯ ಮನಸ್ಸು ಸಾಕು. ಎತ್ತ ಓಡಬೇಕೆಂದು ತಿಳಿಯಲು ಒಂದು ಗಳಿಗೆ ನಿಂತು ವಿಚಾರಿಸಬೇಕು. ನಾನು ಅದನ್ನು ಅಂಕದ ಹೆದರಿಕೆ ಹಾಕಿ ಹೇಳಿಕೊಟ್ಟೆ. ಸೆಲ್ವಿ ಅದನ್ನು ಕರುಣೆಯಿಂದ ಬಳಸಿದಳು.