ಎರಡನೇ ಖೋಲಿಯ ತಂಪು

ಹಸಿ ಚೀಲಗಳನ್ನು ನೀವು ಒಳಗೆ ಬಿಟ್ಟಿರಲಿಲ್ಲ, ದ್ಯಾವಪ್ಪ ಕಾಕಾ. ಅದು ಅಂದೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಸುಮ್ಮನಿದ್ದೆ ಎಂಬುದೂ ಪೂರ್ತಿ ನಿಜವಲ್ಲ. ಒಂದು ಮಾತು ಆಡಿದೆ.

ಇಷ್ಟು ವರ್ಷಗಳ ಮೇಲೆ ಅಮರಗೋಳದ ಆ ಕೋಲ್ಡ್ ಸ್ಟೋರೇಜ್ ನನಗೆ ನೀರಿನೊಳಗಿನಿಂದ ನೋಡಿದಂತೆ ಕಾಣುತ್ತದೆ. ಹೊರಗೆ ಬಿಸಿಲು, ಒಳಗೆ ಉಸಿರಿನ ಹಬೆ, ಮಲಗಿದ ದನಗಳಂತೆ ಮೆಣಸಿನಕಾಯಿ ಚೀಲಗಳು... ದಪ್ಪ ಬಾಗಿಲು ಹಸಿರೋ ನೀಲಿಯೋ — ನೆನೆದಾಗಲೆಲ್ಲ ಬೇರೆ ಬಣ್ಣ. ನನ್ನ ನೆನಪನ್ನು ನಂಬಬೇಡಿ. ಖೋಲಿಗಳ ತಂಪನ್ನು ತೋರಿಸುತ್ತಿದ್ದ ಡಬ್ಬಿಯನ್ನು ಮಾತ್ರ ಮರೆತಿಲ್ಲ. ಲಕಮನಹಳ್ಳಿಯ ಸಣ್ಣ ವರ್ಕ್‌ಶಾಪಿನಲ್ಲಿ ಅದನ್ನು ಮಾಡಿದವನು ನಾನೇ.

ಅದರೊಳಗಿನ ಮೈಕ್ರೊಕಂಟ್ರೋಲರಿಗೆ ಇದ್ದದ್ದು ಒಂದೇ ಸೀರಿಯಲ್ ಪೋರ್ಟ್, ಅಂದರೆ ಒಂದೇ ಕಿವಿ. ಖೋಲಿಗಳು ಎರಡು, ತಂಪು ಅಳೆಯುವ ಮೀಟರುಗಳೂ ಎರಡು. ನಡುವೆ ದಾರಿ ಬದಲಿಸುವ ಚಿಪ್ ಹಾಕಿದೆ — ಒಮ್ಮೆ ಮೊದಲ ಮೀಟರಿಗೆ ಕಿವಿ, ಒಮ್ಮೆ ಎರಡನೆಯದಕ್ಕೆ. ಒಂದೇ ಕಿವಿಯಲ್ಲಿ ಇಬ್ಬರ ಮಾತು ಕೇಳಿಸಿದೆನೆಂದು ಬೀಗಿದೆ. ಆದರೆ ಕಿವಿ ತಿರುಗಿಸುವಾಗ ಹಿಂದಿನ ಉತ್ತರವನ್ನು ಅಳಿಸಬೇಕು. ಪ್ರೋಗ್ರಾಮಿನಲ್ಲಿ ಆ ಒಂದು ಸಾಲನ್ನು ನಾನು ಬರೆದಿರಲಿಲ್ಲ. ತಂತಿ ಸಡಿಲಾಗಿ ಎರಡನೇ ಮೀಟರು ಮೂಕವಾದಾಗ, ಡಬ್ಬಿ ಮೊದಲ ಖೋಲಿಯ ತಂಪನ್ನೇ ಎರಡನೆಯದೆಂದು ತೋರಿಸುತ್ತ ಹೋಯಿತು.

ನೀವು ಖೋಲಿಯೊಳಗಿನ ಗೋಡೆಗೆ ಅಂಗೈ ಊರಿ ನಿಲ್ಲುತ್ತಿದ್ದಿರಿ. ಬಂದ ಪ್ರತಿ ಚೀಲದೊಳಗೆ ಇಳಿದು, ಹಸಿಯಿದ್ದರೆ ಹಿಂದಕ್ಕೆ ಕಳಿಸುತ್ತಿದ್ದ ಅಂಗೈ.

“ತಮ್ಮಾ, ಡಬ್ಬಿ ಹೇಳೂದ ಒಂದು, ಗ್ವಾಡಿ ಹೇಳೂದ ಒಂದು. ಎರಡನೇ ಖೋಲಿ ಬೆಚ್ಚಗಾಗೈತಿ, ನೋಡು.”

“ಕಾಕಾ, ನಿಮ್ಮ ಅಂಗೈಗೆ ವಯಸ್ಸಾತ್ರಿ,” ಎಂದೆ. ನೀವು ನಕ್ಕಿರಿ. ನಕ್ಕಿರೆಂದೇ ನನ್ನ ನೆನಪು — ನನಗೆ ಅನುಕೂಲವಾದ ನೆನಪು.

ತಿಂಗಳೊಪ್ಪತ್ತಿನಲ್ಲಿ ಆ ಖೋಲಿಯ ಮೆಣಸಿನಕಾಯಿಗೆ ಬೂಷ್ಟು ಹಿಡಿಯಿತು. ಚೀಲಗಳನ್ನು ಹೊರಹಾಕಿ ಖೋಲಿ ಬಂದ್ ಮಾಡಿದರು. ಕೊಳವೆಗಳ ಮೇಲೆ ಕಟ್ಟಿ ತಂಪನ್ನು ತಡೆದಿದ್ದ ಮಂಜುಗಡ್ಡೆ ಯಾರೂ ನೋಡುವ ಮೊದಲೇ ಕರಗಿ ಮೋರಿಗೆ ಹರಿಯಿತು; ಖೋಲಿ ಬೆಚ್ಚಗಾಗಿದ್ದಕ್ಕೆ ಗುರುತೇ ಉಳಿಯಲಿಲ್ಲ. ನಾನು ಡಬ್ಬಿಯನ್ನು ವರ್ಕ್‌ಶಾಪಿಗೆ ಒಯ್ದೆ. ಅರ್ಧ ಗಂಟೆಯಲ್ಲಿ ತಪ್ಪು ಸಿಕ್ಕಿತು. ಆ ಸಾಲನ್ನು ಸೇರಿಸಿದೆ. ಮರಳಿ ತಂದು ಗೋಡೆಗೆ ಹಾಕಿ, ಸಡಿಲಾದ ತಂತಿಯನ್ನು ಬಿಗಿದೆ.

ಕೋಲ್ಡ್ ಸ್ಟೋರೇಜಿನ ಸಾವ್ಕಾರರು ನಿಮ್ಮೆದುರಿಗೇ ಕೇಳಿದರು: “ಡಬ್ಬಿ ತಪ್ಪಿತ್ತೇನು?”

“ಇಲ್ರಿ. ಬರೊಬ್ಬರಿ ಐತ್ರಿ.”

“ಹಂಗಾರ ದ್ಯಾವಪ್ಪಾ, ಹಸಿ ಚೀಲಾನ ಒಳಗ ಬಿಟ್ಟಿ ನೀ. ನಾಳಿಂದ ಬರಬ್ಯಾಡ.”

ನೀವು ಅಂಗೈಯನ್ನು ತಿರುಗಿಸಿ ಒಮ್ಮೆ ನೋಡಿಕೊಂಡಿರಿ, ಬೇರೆ ಯಾರದೋ ಕೈ ಎಂಬಂತೆ —

ಎರಡು ವರ್ಷದ ಮೇಲೆ ದೇಶಪಾಂಡೆ ನಗರದಲ್ಲಿ, ಅಂಗಡಿಯೊಂದರ ಮುಂದೆ ಕಾವಲಿಗೆ ಕುಳಿತಿದ್ದಿರಿ. ನೀವೇ ಕರೆದು ನನ್ನ ಕೈ ಹಿಡಿದಿರಿ.

“ಜ್ವರ ಬಂದಾವೇನೋ ತಮ್ಮಾ? ಕೈ ಸುಡಾಕತ್ತೈತಿ.” ಆಮೇಲೆ ನೀವೇ ಕೈ ಬಿಟ್ಟಿರಿ. “ಏ, ಬಿಡು. ನನ್ನ ಕೈಗೇನ ತಿಳಿತೈತಿ.”

ನಾನು ಆ ಕೈಯನ್ನು ಕಿಸೆಗೆ ತುರುಕಿ ನಡೆದುಬಿಟ್ಟೆ.

ಈ ಪತ್ರವನ್ನು ಮೊದಲು ಸಾವ್ಕಾರರ ಎದುರು ಓದುತ್ತೇನೆ. ಅಲ್ಲಿಂದ ನಿಮ್ಮ ಮನೆಗೆ ಬರುತ್ತೇನೆ. ಒಳಗೆ ಕರೆಯುವುದು ಬಿಡುವುದು ನಿಮಗೆ ಸೇರಿದ್ದು.

ಅಂದು ನನಗೆ ಜ್ವರವಿತ್ತು, ಕಾಕಾ. ಗೋಡೆಯೂ ಬೆಚ್ಚಗಿತ್ತು.